ಹಾಡು ಮುಗಿಯುವ ತನಕ

ಬೆಂಗಳೂರು
೪-೧-೧೯೬೪

ಪ್ರೀತಿಯ ಅಪ್ಪನಿಗೆ ಚನ್ನಕೇಶವನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಅಮ್ಮ ಬರೆಸಿದ ಕಾರ್ಡು ನಿನ್ನೆ ಬಂತು. ಬೆಂಗಳೂರಿನಿಂದ ವಾಪಸಾದ ಮೇಲೆ ನೀವು ನಗರಗೆರೆಯ ಭಜನೆಮನೆ ಕಡೆ ತಲೆಯನ್ನೇ ಹಾಕಿಲ್ಲವಂತೆ, ತಾಳವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೀರಂತೆ. ಓದಿ ತುಂಬ ಸಂಕಟವಾಯಿತು.

ನನಗೂ ಸಾಕಾಗಿ ಹೋಗಿದೆಯಪ್ಪ. ಮಗ ಎರಡು ಸಾವಿರ ಜನ ಕೂರುವ ಸಂಗೀತ ಸಭೆಯಲ್ಲಿದ್ದಾನೆ ಅಂತ ನೀವು ಊರಿಗೆಲ್ಲ ಹೇಳಿಕೊಂಡು ಬಂದಿರಿ. ನಾನು ಅದರ ಬಾಗಿಲು ಕಾಯುವವನು. ಮಧ್ಯಾಹ್ನ ಮೂರಕ್ಕೆ ನಿಂತರೆ ಕಛೇರಿ ಮುಗಿಯುವವರೆಗೆ ಕೂರುವ ಹಾಗಿಲ್ಲ. ಕಾಲು ಬಾತುಕೊಂಡು, ಬೂಟು ಬಿಚ್ಚುವುದೇ ಒಂದು ಕೆಲಸ. ಒಳಗೆ ಯಾರು ಏನು ಹಾಡಿದರೋ ನನಗೆ ಕೇಳಿಸುವುದಿಲ್ಲ, ಬಾಗಿಲು ಅಷ್ಟು ದಪ್ಪ.

ಅವತ್ತು ಗೌರಿಬಿದನೂರಿನ ರೈಲು ತಡವಾಗಿ, ನೀವು ಕಂಬಳಿ ಹೊದ್ದು ಅವರೆಕಾಯಿ ಚೀಲ ಹೊತ್ತು ಬರುವಷ್ಟರಲ್ಲಿ ಹಾಡು ಶುರುವಾಗಿತ್ತು. ಶುರುವಾದ ಹಾಡು ಮುಗಿಯುವ ತನಕ ಬಾಗಿಲು ತೆಗೆಯಬಾರದು, ಇಲ್ಲಿನ ನಿಯಮ. ಕಾರ್ಯದರ್ಶಿಗಳು ಅಲ್ಲೇ ನಿಂತಿದ್ದರು. ಅದಕ್ಕೇ ನಿಮಗೂ ಯಾರೋ ಬೇರೆಯವರಿಗೆ ಹೇಳುವ ಹಾಗೆ “ಯಜಮಾನ್ರೇ, ಅತ್ಲಾಗೆ ನಿಂತ್ಕಳಿ” ಅಂದುಬಿಟ್ಟೆ. ನಮ್ಮ ಭಜನೆಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರೂ ನೀವು ಪದದ ನಡುವೆಯೇ “ವಸಿ ಜರುಗ್ರಪ್ಪ, ಬಂದೋರು ಕೂತ್ಕಳ್ಳಿ” ಅಂತ ಸೇರಿಸಿ ಹಾಡುತ್ತಿದ್ದಿರಿ, ತಾಳ ತಪ್ಪುತ್ತಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ನಾನು ಬಾಗಿಲು ತೆಗೆದು ನಿಮ್ಮ ಕಡೆ ತಿರುಗಿದಾಗ ಮೆಟ್ಟಿಲ ಮೇಲೆ ಚೀಲವಿತ್ತು, ನೀವಿರಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಓಡಿ ಬರೋಣವೆಂದರೆ ಕೆಲಸ ಬಿಡುವ ಹಾಗಿರಲಿಲ್ಲ.

ಅವರೆಕಾಯಿ ಒಳ್ಳೆ ಸೊಗಡಿನದು. ರೂಮಿನವರೆಲ್ಲ ಸಾರು ಮಾಡಿ ಉಂಡರು, ನಾನು ಬಡಿಸಿಕೊಳ್ಳಲಿಲ್ಲ. ಸಂಕ್ರಾಂತಿಗೆ ಎರಡು ದಿನ ರಜ ಕೇಳಿದ್ದೇನೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ಅಮ್ಮನಿಗೆ ನಮಸ್ಕಾರ, ಅಕ್ಕ ಕದಿರಮ್ಮನ ಮಕ್ಕಳಿಗೆ ಮುದ್ದು.

ನಿಮ್ಮ ಆಶೀರ್ವಾದ ಬೇಡುವ ಮಗ,
ಚನ್ನಕೇಶವ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಕಾರ್ಯದರ್ಶಿಗಳು ಅವತ್ತು ಊರಲ್ಲೇ ಇರಲಿಲ್ಲ. ತಡವಾಗಿ ಬಂದವರನ್ನು ಸದ್ದಿಲ್ಲದೆ ಒಳಗೆ ಬಿಡಲು ಪಕ್ಕದಲ್ಲೊಂದು ಸಣ್ಣ ಬಾಗಿಲಿದೆ, ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ನಿಮ್ಮ ಹಿಂದೆ ಬಂದ ಜರಿಪಂಚೆಯವರಿಬ್ಬರನ್ನು ಅದರಿಂದಲೇ ಬಿಟ್ಟೆ. ನೀವು ನೋಡಿದ್ದೂ ನನಗೆ ಗೊತ್ತು. ನಿಮ್ಮ ಕಂಬಳಿ ಕಂಡು ನಾಚಿಕೊಂಡೆ, ತಪ್ಪಾಯಿತು ಅಪ್ಪ. ತಾಳ ಇಳಿಸಿ. ಹಬ್ಬಕ್ಕೆ ಬಂದಾಗ ಭಜನೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ; ನೀವಾಗಿ ಜರುಗ್ರಪ್ಪ ಅನ್ನುವ ತನಕ ಒಳಗೆ ಬರುವುದಿಲ್ಲ.