ಹತ್ತಕ್ಕೆ ಹತ್ತು

ಸೀಮಾಂತ ಮೇಡಂ ಅವರ ಸನ್ನಿಧಾನಕ್ಕೆ,

ಸಮಸ್ತ ವಿದ್ಯಾರ್ಥಿವೃಂದದ ಪರವಾಗಿ ಪರಮ ಹರ್ಷದಿಂದ ಪ್ರಕಟಿಸುವುದೇನೆಂದರೆ, ನಮ್ಮ ತರಗತಿಯ ಫ್ಯಾನು ತಿರುಗತೊಡಗಿದೆ. ತಾವು ಎರಡು ವರ್ಷ ಅರ್ಜಿ ಬರೆದರೂ ಮಿಸುಕಾಡದಿದ್ದ ಆ ಮಹಾನುಭಾವ, ತಾವು ಕೆಲಸ ಬಿಟ್ಟ ಮರುವಾರವೇ ಗಾಳಿ ಬೀಸಿದ. ಬಿಟ್ಟ ಅಂದೆನೇ? ಬಿಡಿಸಿದ ಎಂದು ಓದಿಕೊಳ್ಳಿ. ಈ ತಾವು-ತಮ್ಮ ಕೂಡ ಇಲ್ಲಿಗೆ ಸಾಕು, ನನಗೆ ಉಸಿರು ಕಟ್ಟುತ್ತದೆ.

ಮ್ಯಾನೇಜೀರಿಯಲ್ ಎಕನಾಮಿಕ್ಸ್ ಎಂಬ ಹೆಸರು ಕೇಳಿಯೇ ಅರ್ಧ ತರಗತಿ ಬೆವರಿತ್ತು. ನೀವು ಬಂದವರೇ ಕ್ಯಾಂಟೀನಿನ ಬನ್ನು ಹಿಡಿದು ಪಾಠ ಶುರುಮಾಡಿದಿರಿ. ಎರಡನೆಯ ಬನ್ನಿನ ಸುಖ ಎಷ್ಟು, ಮೂರನೆಯದರದ್ದು ಎಷ್ಟು, ಇನ್ನೊಂದು ಸುಡಲು ತಗಲುವ ಖರ್ಚೆಷ್ಟು. ಈ 'ಇನ್ನೊಂದರ' ಲೆಕ್ಕಕ್ಕೆ ಮಾತಿಗೊಮ್ಮೆ 'ಸೀಮಾಂತ' ಎನ್ನುತ್ತಿದ್ದ ನಿಮಗೆ ಆ ಹೆಸರೇ ಅಂಟಿತು. ಹಳಸಿದ ಬನ್ನನ್ನು ದುಡ್ಡು ಕೊಟ್ಟ ತಪ್ಪಿಗೆ ಅಗಿಯುತ್ತಿದ್ದ, ಸದಾ ನಿದ್ದೆ ಹೊಡೆಯುವ ನಮ್ಮ ಗೆಳೆಯ 'ತೂಕಡಿಕೆ'ಗೆ ನೀವು ಹೇಳಿದ್ದು ನೆನಪಿದೆಯೇ? "ದುಡ್ಡು ಹೋಗಿದ್ದು ಹೋಯ್ತು ಮರಿ, ಈಗ ಹೊಟ್ಟೆನೂ ಯಾಕೆ ಕಳ್ಕೋತೀಯ?" ಮುಳುಗಿದ ವೆಚ್ಚ ಎಂದರೇನೆಂದು ಆವತ್ತಿನಿಂದ ನಮ್ಮಲ್ಲಿ ಯಾರೂ ಮರೆತಿಲ್ಲ. ಅದೇ ಈಗಿನ ಕಷ್ಟ.

ನಿಮ್ಮ ಕೊನೆಯ ಕಿರುಪರೀಕ್ಷೆಯಲ್ಲಿ ಒಂದೇ ಪ್ರಶ್ನೆ. ಒಂದು ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿರುವ ಒಬ್ಬ ಹೆಂಗಸಿದ್ದಾಳೆ. ಅವಳ ಸಂಬಳ ಅವಳಿಂದ ಬರುವ ವರಮಾನಕ್ಕಿಂತ ಹೆಚ್ಚು. ಅವಳ ಕೆಲಸವನ್ನು ಯಂತ್ರ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಆಡಳಿತ ಏನು ಮಾಡಬೇಕು? ನಾವು ಶೂರರು, ಪೆನ್ನು ಎತ್ತಿದೆವು. ತೆಗೆಯಬೇಕು ಎಂದೆವು. ಹನ್ನೊಂದು ವರ್ಷ ಮುಳುಗಿದ ವೆಚ್ಚ, ಲೆಕ್ಕಕ್ಕೆ ಹಿಡಿಯಬಾರದು ಎಂದು ಅಡಿಗೆರೆ ಬೇರೆ ಎಳೆದೆವು. ತೂಕಡಿಕೆ ಒಬ್ಬ ಮಾತ್ರ 'ಮೊದಲು ಅವರನ್ನ ಒಂದು ಮಾತು ಕೇಳಬೇಕು' ಎಂದು ಬರೆದು ಮಲಗಿದ. ನಮಗೆಲ್ಲ ಹತ್ತಕ್ಕೆ ಹತ್ತು ಕೊಟ್ಟಿರಿ. ಅವನಿಗೆ ಸೊನ್ನೆ, ಜೊತೆಗೆ ಕೆಂಪು ಶಾಯಿಯಲ್ಲಿ 'ಪ್ರಶ್ನೆಯಲ್ಲಿ ಅದಕ್ಕೆ ಅವಕಾಶವಿಲ್ಲ.' ಅವನನ್ನು ಎರಡು ದಿನ ಹುರಿದು ಮುಕ್ಕಿದೆವು.

ಮೂರನೆಯ ದಿನ ನೀವು ಬರಲಿಲ್ಲ. ನೋಟಿಸು ಬಂತು: ಇನ್ನು ಮುಂದೆ ಈ ವಿಷಯದ ಪಾಠ ವೀಡಿಯೊದಲ್ಲಿ. ಅಟೆಂಡರಣ್ಣ ಪರದೆ ಇಳಿಬಿಡುತ್ತಾ ನೆಲ ನೋಡಿಕೊಂಡು ಹೇಳಿದ, "ಪರೀಕ್ಷೆಗೆ ಮುಂಚೇನೇ ಮೇಡಂ ಕೈಗೆ ಕೆಲಸದಿಂದ ತೆಗೆಯೋ ಲೆಟರ್ ಬಂದಿತ್ತು ಕಣ್ರೋ. ಮಕ್ಕಳಿಗೆ ಹೇಳ್ಬೇಡ ಅಂದ್ರು."

ಪರದೆಯ ಮೇಲೆ ನೀವೇ. ರಜೆಯಲ್ಲಿ ನಿಮ್ಮಿಂದಲೇ ಪಾಠ ಹೇಳಿಸಿ ತುಂಬಿಟ್ಟುಕೊಂಡಿದ್ದರಂತೆ. ಅದೇ ಕನ್ನಡಕ, ಅದೇ ಸೀಮಾಂತ. ನಡುವೆ ನಿಂತು "ಅರ್ಥ ಆಯ್ತಾ?" ಎಂದು ನಮ್ಮತ್ತ ನೋಡುತ್ತೀರಿ. ತೂಕಡಿಕೆ ಈಗ ನಿದ್ದೆ ಮಾಡುವುದಿಲ್ಲ ಮೇಡಂ. ದಿನವೂ ಎದ್ದು ನಿಂತು "ಇಲ್ಲ ಮೇಡಂ" ಎನ್ನುತ್ತಾನೆ. ನೀವು "ಸರಿ, ಮುಂದೆ ಹೋಗೋಣ" ಎನ್ನುತ್ತೀರಿ. ಮೊದಲ ದಿನ ನಕ್ಕೆವು. ಆಮೇಲೆ ನಗಲಾಗಲಿಲ್ಲ.

ನಮ್ಮ ಅಂಕ ಕಡಿಮೆ ಮಾಡಿ ಎಂದು ಪರೀಕ್ಷಾ ವಿಭಾಗಕ್ಕೆ ದಂಡೆತ್ತಿ ಹೋದೆವು. ಅಲ್ಲಿಯ ಗುಮಾಸ್ತರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಜಾಸ್ತಿ ಮಾಡಿ ಅಂತ ಅಳೋರನ್ನ ನೋಡಿ ನೋಡಿ ಸಾಕಾಗಿದೆ. ಕಮ್ಮಿ ಮಾಡೋಕೆ ಕಂಪ್ಯೂಟರ್‌ನಲ್ಲಿ ಜಾಗಾನೇ ಇಲ್ಲ, ಹೋಗ್ರಯ್ಯಾ" ಎಂದರು. ಹೀಗಾಗಿ ಆ ಹತ್ತು ನಮ್ಮ ಅಂಕಪಟ್ಟಿಯಲ್ಲಿ ಕೂತೇ ಇದೆ.

ನಿನ್ನೆ ನಿಮ್ಮ ಮನೆ ಹುಡುಕಿಕೊಂಡು ಬಂದೆವು. ಬೀಗ. ಕೆಳಮನೆಯ ಅಜ್ಜಿ, "ಸಾಮಾನೆಲ್ಲ ಇಲ್ಲೇ ಇದೆ ಕಣಪ್ಪ, ಬರೀ ಕೈಬೀಸಿಕೊಂಡು ಹೋದ್ರು. ಎಲ್ಲಿಗೆ ಅಂದ್ರೆ ಸುಮ್ನೆ ನಕ್ರು" ಎಂದರು. ಆ ಬರಿಗೈ, ಆ ನಗು ನಮಗೆ ಹಿಡಿಸಲಿಲ್ಲ. ತೂಕಡಿಕೆ ನಿಮ್ಮ ಹೊಸ್ತಿಲ ಮೇಲೆ ಕೂತವನು ಏಳಲೇ ಇಲ್ಲ, ಎಳೆದುಕೊಂಡು ಬರಬೇಕಾಯಿತು. ಮೇಡಂ, ನೀವು ಹಾಕಿದ್ದು ಒಂದೇ ಪ್ರಶ್ನೆ, ನಾವು ಬರೆದದ್ದು ಪುಸ್ತಕದ ಉತ್ತರ. ಅದು ನಿಮ್ಮ ಬದುಕಿನ ಲೆಕ್ಕವೂ ಹೌದೆಂದು ನೀವು ನಂಬಿಬಿಟ್ಟಿರಾ ಎಂಬುದೇ ನಮ್ಮ ಹೆದರಿಕೆ. ಇವತ್ತು ಮತ್ತೆ ಬಂದು ಈ ಕಾಗದವನ್ನು ಅಜ್ಜಿಯ ಕೈಯಲ್ಲಿ ಕೊಟ್ಟು ಹೋಗುತ್ತಿದ್ದೇನೆ.

ಎಲ್ಲೇ ಇರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ಮೇಲೆ ಯಾರ ಲೆಕ್ಕವೂ ತಗಲದಿರಲಿ.

ನಿಮ್ಮವನೇ ಆದ,
ಕೊನೇ ಬೆಂಚಿನ ವಕೀಲ

ಒಂದು ಸಣ್ಣ ಉಪಕಾರ. ನಿಮ್ಮ ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಸಂಜೆ ಐದಕ್ಕೆ ನಾವು ಸರದಿಯ ಮೇಲೆ ಮಾಡುತ್ತೇವೆ. ಮಾತಾಡಬೇಕಾಗಿಲ್ಲ. ಒಮ್ಮೆ ಎತ್ತಿ ಕಟ್ ಮಾಡಿಬಿಡಿ, ಅಷ್ಟು ಸಾಕು.