ಆಷಾಢದಲ್ಲಿ ಛತ್ರದ ಶಬ್ದ ಅಳೆದವರಿಗೆ

ಮಾನ್ಯರೇ,

ನಮ್ಮ ಯಜಮಾನರ ತಮಟೆಯನ್ನು ವಾಪಸ್ಸು ಕೊಡಿ.

ಕೇಳುವುದನ್ನು ಮೊದಲೇ ಕೇಳಿಬಿಟ್ಟೆ. ತಮ್ಮ ಕಚೇರಿಯಲ್ಲಿ ಯಾವ ಕಾಗದವನ್ನೂ ಮೊದಲನೇ ಸಾಲಿಗಿಂತ ಮುಂದೆ ಓದುವುದಿಲ್ಲ ಎಂದು ನನಗೆ ಈಗ ಚೆನ್ನಾಗಿ ಗೊತ್ತಾಗಿದೆ. ಓದಿದ್ದರೆ ಹೀಗಾಗುತ್ತಿರಲಿಲ್ಲ. ಹಿಂದಿನ ಅರ್ಜಿ ಬರೆದದ್ದು ನನ್ನ ಮಗ ಭಾನುಪ್ರಕಾಶ. ಹೈಸ್ಕೂಲು ಮೇಷ್ಟ್ರು. ‘ಶಬ್ದಮಾಲಿನ್ಯ’, ‘ತಮ್ಮ ಅವಗಾಹನೆಗೆ’, ‘ಸೂಕ್ತ ಕ್ರಮ’ ಎಂದೆಲ್ಲ ಒಳ್ಳೆಯ ಮಾತು ಹುಡುಕಿ ಹುಡುಕಿ ಹಾಕಿದ್ದ. ತಾವೂ ಸೂಕ್ತ ಕ್ರಮ ತೆಗೆದುಕೊಂಡಿರಿ. ಅದಕ್ಕೇ ಈ ಸಲ ಮೂರನೇ ಕ್ಲಾಸು ಓದಿದ ನಾನೇ ಬರೆಯುತ್ತಿದ್ದೇನೆ. ತಪ್ಪು ಬಂದ ಕಡೆ ತಿದ್ದಿಕೊಳ್ಳಿ, ಓದಿದವರು ನೀವು. ಪೇಪರಿನಲ್ಲಿ ಹಾಕಿಸುತ್ತಿರುವುದು ಯಾಕೆಂದರೆ, ನಿಮ್ಮ ಕಚೇರಿಗೆ ಕೊಟ್ಟದ್ದು ನಿಮ್ಮ ಕಣ್ಣಿಗೆ ಬೀಳುವುದು ಅನುಮಾನ. ಬಜ್ಜಿ ಕಟ್ಟಿಕೊಟ್ಟ ಪೇಪರಾದರೂ ಒಂದು ದಿನ ನಿಮ್ಮ ಕೈಗೆ ಬಂದೀತು.

ನಮ್ಮ ಬೀದಿ ಎದುರಿಗೆ, ರಸ್ತೆ ಆಚೆ ಒಂದು ಛತ್ರ ಎದ್ದಿದೆ. ಬೋರ್ಡಿನ ಮೇಲೆ ಕಲ್ಯಾಣ ಮಂಟಪ ಅಂತಿದೆ, ನಮಗೆ ಛತ್ರ. ಮದುವೆ ಆಗಲಿ ಬಿಡಿ, ಯಾರು ಬೇಡ ಅಂದರು. ನಾನೂ ಹೋಗಿ ಅಕ್ಷತೆ ಹಾಕಿ ಊಟ ಮಾಡಿಕೊಂಡು ಬಂದಿದ್ದೇನೆ, ಹೋಳಿಗೆ ಚೆನ್ನಾಗಿತ್ತು. ಆದರೆ ಆ ಆಳೆತ್ತರದ ಸ್ಪೀಕರುಗಳನ್ನು ನಮ್ಮ ಬೀದಿಗೇ ಮುಖ ಮಾಡಿ ನಿಲ್ಲಿಸಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಅವರು ಹಾಡು ಹಾಕಿದರೆ ನಮ್ಮ ಗೂಡಿನಲ್ಲಿ ಬೋರಲು ಹಾಕಿದ ಲೋಟಗಳು ತಾವಾಗಿ ಜರುಗಿ ಜರುಗಿ ಕೆಳಕ್ಕೆ ಬೀಳುತ್ತವೆ. ಇನ್ನು ಹುಡುಗರ ಬೈಕುಗಳು. ಸೈಲೆನ್ಸರ್ ಕಿತ್ತು ಅದರ ಜಾಗಕ್ಕೆ ಏನೋ ಕೊಳವೆ ಸಿಕ್ಕಿಸಿಕೊಂಡು, ಮದುಮಗನ ಕಾರಿನ ಮುಂದೆ ನಿಂತ ಕಡೆಯೇ ಗುರ್ ಅನ್ನಿಸುತ್ತಾರೆ. ಗಾಡಿ ಮುಂದಕ್ಕೆ ಹೋಗುವುದಿಲ್ಲ, ಶಬ್ದ ಮಾತ್ರ ಹೋಗುತ್ತದೆ.

ಶಬ್ದ ಅಂದರೆ ಹೆದರುವ ಜನ ನಾವಲ್ಲ ಸ್ವಾಮಿ. ರೇಷ್ಮೆ ನೂಲು ಬಿಚ್ಚುವ ಮಿಷನ್ನಿನ ಪಕ್ಕ ನಿಂತು ನನ್ನ ವಯಸ್ಸೆಲ್ಲ ಕಳೆದಿದೆ. ನಮ್ಮ ಯಜಮಾನರು ಕೊಂಡಪ್ಪನವರು ತಮಟೆ ಬಡಿದೇ ಮಕ್ಕಳನ್ನು ಓದಿಸಿದವರು. ಹಾಗಿದ್ದವರು ಹೋದ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಮಾತ್ರೆ ಎಷ್ಟು ಮುಖ್ಯವೋ ನಿದ್ದೆನೂ ಅಷ್ಟೇ ಮುಖ್ಯ. ಗಲಾಟೆ ಇಲ್ಲದ ಕಡೆ ಮಲಗಿಸಿ” ಅಂದರು. ಛತ್ರದ ಎದುರು ಮನೆಯಲ್ಲಿ ಅಂಥ ಕಡೆ ಯಾವುದು? ಹಿತ್ತಿಲಲ್ಲಿ ಮಲಗಿಸಿ ನೋಡಿದೆ, ಹಸುವಿನ ಕೊಟ್ಟಿಗೆ ಪಕ್ಕ ಮಲಗಿಸಿ ನೋಡಿದೆ. ಅಲ್ಲೂ ಮಂಚ ಅದುರುತ್ತಿತ್ತು. ಅವರು ಮಾತ್ರ “ಪೋನೀಲೇ, ಮದ್ವೆ ಮನೆ ಅಲ್ವಾ” ಅಂತ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು.

ಅವರ ಹಾಗೆ ಹೋಗಲಿ ಬಿಡು ಅನ್ನುವ ಬುದ್ಧಿ ನನಗಿಲ್ಲ. ಕಚೇರಿಗಳ ಮೆಟ್ಟಿಲು ಹತ್ತಿದೆ. ಒಂದು ಕಡೆ, “ಅಜ್ಜಿ, ಕಟ್ಟಡದ ಶಬ್ದ ಆದ್ರೆ ನಾವು ನೋಡ್ತೀವಿ, ಗಾಡಿದಾದ್ರೆ ಟ್ರಾಫಿಕ್ಕಿನವ್ರ ಹತ್ರ ಹೋಗಿ” ಅಂದರು. ಅಲ್ಲಿಗೆ ಹೋದರೆ, ಗಾಡಿ ರಸ್ತೆ ಮೇಲಿದ್ದರೆ ಮಾತ್ರ ನಮ್ಮದು, ಕಾಂಪೌಂಡಿನೊಳಗೆ ನಿಂತಿದ್ದರೆ ನಮ್ಮದಲ್ಲ ಅಂದರು. “ಮುಂದಿನ ಚಕ್ರ ಕಾಂಪೌಂಡ್ ಒಳಗೆ, ಹಿಂದಿನ ಚಕ್ರ ರಸ್ತೆ ಮೇಲೆ ಇದ್ರೆ ಯಾರ ಹತ್ರ ಹೋಗ್ಲಪ್ಪ?” ಅಂದೆ. ಆ ಗುಮಾಸ್ತ ನಗಲಿಲ್ಲ. ಯೋಚನೆ ಮಾಡಿದ. ಯೋಚನೆ ಮಾಡಿ, “ಜಂಟಿ ತಪಾಸಣೆ ಆಗ್ಬೇಕಾಗುತ್ತೆ” ಅಂದ. ಕೊನೆಗೆ ಶಬ್ದದ್ದೆಲ್ಲ ತಮ್ಮ ಉಸ್ತುವಾರಿ ಅಂತ ಯಾರೋ ಪುಣ್ಯಾತ್ಮರು ಹೇಳಿ, ವೈಶಾಖದಲ್ಲಿ, ಮದುವೆಗಳ ಭರಾಟೆಯಲ್ಲಿ, ನನ್ನ ಹೆಸರಿನಲ್ಲೇ ಅರ್ಜಿ ಬರೆಸಿ ತಮ್ಮ ಟೇಬಲ್ಲಿನ ಮೇಲೆ ಇಟ್ಟು ಬಂದೆವು.

ತಾವು ಅಳೆಯಲು ಆಳು ಕಳಿಸಿದ್ದು ಆಷಾಢದಲ್ಲಿ.

ಇಷ್ಟು ದೊಡ್ಡ ಹುದ್ದೆಯಲ್ಲಿ ಕೂತವರಿಗೆ ನಾನು ಹೇಳಿಕೊಡಬೇಕೇ? ಆಷಾಢದಲ್ಲಿ ನಮ್ಮ ಕಡೆ ಯಾರಾದರೂ ಮದುವೆ ಮಾಡುತ್ತಾರೆಯೇ? ತಮ್ಮ ಮನೆಯಲ್ಲಿ ಮಾಡಿದ್ದೀರಾ? ಛತ್ರದ ಯಜಮಾನ ಗೇಟಿಗೆ ಬೀಗ ಹಾಕಿಕೊಂಡು ತೀರ್ಥಯಾತ್ರೆಗೆ ಹೋಗುವ ತಿಂಗಳು ಅದು. ಆ ತಿಂಗಳು ಹುಡುಕಿ ಆರಿಸಿ ಕಳಿಸಿದ್ದೀರಲ್ಲ, ಇದು ಮರೆವೋ ಜಾಣತನವೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ತಮಗೆ ಶೋಭೆಯಲ್ಲ.

ಆ ದಿನ ನಮ್ಮ ಬೀದಿಯಲ್ಲಿ ಸಾವು. ನಮ್ಮ ಯಜಮಾನರ ಅಕ್ಕ ಮುನಿಗಂಗಮ್ಮ ಹೋಗಿಬಿಟ್ಟಿದ್ದಳು. ತಾಯಿ ಸತ್ತ ಮೇಲೆ ಇವರನ್ನು ಸೊಂಟದಲ್ಲಿ ಹೊತ್ತು ಸಾಕಿದವಳು ಅವಳೇ. ಬೀದಿಯ ಹುಡುಗರು ಒಂದು ಕಡೆ ಹುಲ್ಲು ಉರಿ ಹಾಕಿ ತಮಟೆ ಕಾಯಿಸುತ್ತಿದ್ದರು. ಇವರು ಮಂಚದಿಂದ ಎದ್ದು ಬಂದರು. ನಾನು ಅಡ್ಡ ನಿಂತೆ. “ಡಾಕ್ಟರಮ್ಮ ಏನು ಹೇಳಿದ್ರು, ಮರ್ತೋಯ್ತಾ?” ಅಂದೆ. “ಊರಿನವರ ಸಾವಿಗೆಲ್ಲ ಬಡಿದಿದೀನಿ ಕಣೇ. ಅಕ್ಕನಿಗೆ ಬಡೀಬೇಡ ಅಂತೀಯಾ?” ಅಂದರು. ಕುರ್ಚಿ ತಂದು ಹಾಕಿದೆ. ಕೂತು, ತಮ್ಮದೇ ತಮಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೆಲ್ಲಗೆ ಶುರು ಮಾಡಿದರು. ಅಷ್ಟು ಹೊತ್ತಿಗೆ ತಮ್ಮ ಜೀಪು ಬಂತು.

ಇಳಿದವನು ಚಿಕ್ಕ ವಯಸ್ಸಿನವನು, ಕೈಯಲ್ಲಿ ಟಾರ್ಚಿನಂಥ ಮಿಷನ್ನು. ಅದನ್ನು ನಮ್ಮ ಕಡೆ ಹಿಡಿದುಕೊಂಡೇ ಕೇಳಿದ.

“ಗಂಗುಲಮ್ಮ ಅಂದ್ರೆ ಯಾರು? ಕಂಪ್ಲೇಂಟ್ ಕೊಟ್ಟಿದ್ದು?”

“ನಾನೇ ಕಣಪ್ಪ.”

“ಸರಿಯಾದ್ ಟೈಮಿಗೇ ಬಂದಿದೀವಿ ಬಿಡಿ ಅಜ್ಜಿ. ಲಿಮಿಟ್ ದಾಟಿದೆ.”

“ಅಯ್ಯಾ, ಇದು ಸಾವಿನ ಮನೆ. ನಾನು ಬರ್ಕೊಟ್ಟಿದ್ದು ಅದೋ ಆ ಛತ್ರದ್ದು.”

ತಿರುಗಿ ನೋಡಿದ. “ಅಲ್ಲಿ ಬೀಗ ಹಾಕಿದೆಯಲ್ಲ.”

“ಆಷಾಢದಲ್ಲಿ ಬೀಗ ಹಾಕ್ದೆ ಮಾಲೆ ಹಾಕ್ತಾರಾ?”

“ಆಷಾಢ ಗೀಷಾಢ ನಮ್ಮ ರೂಲ್ಸಲ್ಲಿಲ್ಲ ಅಜ್ಜಿ. ಮಿಷನ್ನು ಏನ್ ತೋರ್ಸುತ್ತೋ ಅದು. ನೀವು ಕಂಪ್ಲೇಂಟ್ ಕೊಟ್ಟಿದೀರಿ, ನಾವು ಆಕ್ಷನ್ ತಗೊಳ್ಬೇಕು. ಬರಿಗೈಲಿ ಹೋದ್ರೆ ಸಾಹೇಬ್ರು ನಮ್ಮನ್ನ ಕೇಳ್ತಾರೆ.”

ಬರಿಗೈಯಲ್ಲಿ ಹೋಗಲಿಲ್ಲ. ನಮ್ಮ ಯಜಮಾನರ ತೊಡೆಯ ಮೇಲಿಂದ ತಮಟೆ ಎತ್ತಿಕೊಂಡು ಹೋದ. ಹುಡುಗರು ಎದ್ದರು, ಭಾನುಪ್ರಕಾಶ ಅವರನ್ನು ಹಿಡಿದ. ಹೆಣ ಇಟ್ಟುಕೊಂಡು ಜಗಳ ಆಡುವುದಕ್ಕಾಗುತ್ತದೆಯೇ? ಜೀಪು ಹತ್ತುವ ಮೊದಲು ಆ ಮಿಷನ್ನಿನವನು ನಮ್ಮ ಯಜಮಾನರ ಮುಂದೆ ಬಗ್ಗಿ, ಸಮಾಧಾನಕ್ಕೆ ಅಂತಲೋ ಏನೋ, “ತಾತ, ಬೇಜಾರ್ ಮಾಡ್ಕೋಬೇಡಿ. ನಿಮ್ಮನೆ ಅಜ್ಜೀನೇ ಬರ್ಕೊಟ್ಟಿರೋದು” ಅಂದ. ಹುಡುಗರೂ ತಮ್ಮ ತಮಟೆ ಮುಟ್ಟಲಿಲ್ಲ. ಮುನಿಗಂಗಮ್ಮನನ್ನು ಸದ್ದಿಲ್ಲದೆ ಎತ್ತಿದೆವು, ಸದ್ದಿಲ್ಲದೆ ಮಣ್ಣು ಮಾಡಿದೆವು. ಮಣ್ಣು ಬೀಳುವ ಶಬ್ದ ಬಂತು. ಅದು ಲಿಮಿಟ್ಟಿನೊಳಗೇ ಇತ್ತು ಅಂತ ಕಾಣುತ್ತದೆ.

ತಾವು ಹಿಡಿದುಕೊಂಡಿರುವ ಆ ತಮಟೆ ಯಾವುದು ಗೊತ್ತೇ? ಟೀವಿ, ಮೊಬೈಲು ಇಲ್ಲದ ಕಾಲದಲ್ಲಿ ಕಂದಾಯ ಕಟ್ಟಿರಿ, ಮಕ್ಕಳಿಗೆ ಸೂಜಿ ಹಾಕಿಸಿರಿ, ನಾಳೆ ನೀರು ಬರುವುದಿಲ್ಲ ಕೇಳ್ರಪ್ಪೋ ಅಂತ ಸರ್ಕಾರದ ಮಾತನ್ನು ಬೀದಿ ಬೀದಿಗೆ ಸಾರಿದ್ದು ಅದೇ. ಆಗ ಕಚೇರಿಯಿಂದ ಆಳು ಬಂದು, “ಕೊಂಡಪ್ಪ, ಇನ್ನೂ ಜೋರಾಗಿ ಬಡಿಬೇಕು, ಆ ಕಡೆ ಬೀದಿಗೆ ಕೇಳ್ಲಿಲ್ಲ” ಅಂತಿದ್ದ. ಆ ಜೋರನ್ನು ಅಳೆಯಲು ಯಾರೂ ಜೀಪಿನಲ್ಲಿ ಬರಲಿಲ್ಲ.

ಇನ್ನೊಂದು ಮಾತು. ನನ್ನ ಮಗನಿಗೆ ಈ ತಮಟೆ ಕಂಡರೆ ಆಗುತ್ತಿರಲಿಲ್ಲ. ಓದಿದ ಮಕ್ಕಳು. ಮನೆಯಲ್ಲಿ ಬುದ್ಧನ ಪಟ ಇಟ್ಟವನು ಅವನೇ. “ಅವರು ಕರ್ದಾಗ ಹೋಗಿ, ಬಾಗ್ಲಾಚೆ ನಿಂತು ಬಡ್ದಿದ್ದು ಸಾಕಪ್ಪ” ಅಂತ ಅಪ್ಪನ ಹತ್ತಿರ ಜಗಳ ಆಡಿದ. ಅವನ ಮಾತೂ ಸುಳ್ಳಲ್ಲ. ಬಾಗಿಲಾಚೆ ನಿಂತದ್ದನ್ನು ನಾನೂ ನೋಡಿದ್ದೇನೆ, ಊಟದ ಎಲೆಯನ್ನೂ ಅಲ್ಲೇ ಹಾಕುತ್ತಿದ್ದರು. ಆಮೇಲೆ ಅಪ್ಪ ಮಗ ಒಂದು ಒಪ್ಪಂದಕ್ಕೆ ಬಂದರು. ಇನ್ನು ಯಾರು ಕರೆದರೂ ಹೋಗುವುದಿಲ್ಲ, ನಮ್ಮ ಬೀದಿಯ ಸಾವಿಗೆ ಮಾತ್ರ. ಯಾರ ಅಪ್ಪಣೆಯೂ ಇಲ್ಲದೆ, ಅವರು ತಮ್ಮ ಮನಸ್ಸಿಗೆ ಬೇಕು ಅಂತ ಬಡಿಯುವ ತಮಟೆ ಅದಾಗಿತ್ತು. ಅದನ್ನೇ ತಾವು ಎತ್ತಿಕೊಂಡು ಹೋದದ್ದು. ಈಗ ಅದನ್ನು ಬಿಡಿಸಿಕೊಂಡು ಬರಬೇಕು ಅಂತ ರಜೆ ಹಾಕಿ ತಮ್ಮ ಕಚೇರಿಗೆ ಅಲೆಯುತ್ತಿರುವವನು ಅದೇ ಭಾನುಪ್ರಕಾಶ. “ಕಡತ ಮೇಲಕ್ಕೆ ಹೋಗಿದೆ” ಅನ್ನುತ್ತಾರಂತೆ. ಕಡತ ಮೇಲಕ್ಕೆ ಹೋಗಲಿ, ತಮಟೆ ಕೆಳಗೇ ಇದೆಯಲ್ಲ, ಸ್ಟೋರ್ ರೂಮಿನ ತೇವದಲ್ಲಿ. ಅದು ಚರ್ಮ ಸ್ವಾಮಿ. ಬಿಸಿಲು ಕಾಣದಿದ್ದರೆ ಸಡಿಲವಾಗುತ್ತದೆ, ಬೂಸಲು ಹಿಡಿಯುತ್ತದೆ, ಇಲಿ ಕಡಿಯುತ್ತದೆ.

ಶ್ರಾವಣ ಬಂದಿದೆ. ಛತ್ರದ ಬೀಗ ತೆಗೆದಿದೆ. ಸ್ಪೀಕರುಗಳು ಮೊದಲಿಗಿಂತ ಎತ್ತರ ಬಂದಿವೆ, ಬೈಕುಗಳು ಬಂದಿವೆ. ಛತ್ರದ ಯಜಮಾನ ದಾರಿಯಲ್ಲಿ ಸಿಕ್ಕಿ, “ಏನಮ್ಮ, ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದ್ದಂತೆ? ತಪಾಸಣೆ ಆಯ್ತಲ್ಲ, ನಮ್ದೇನೂ ಇಲ್ಲ ಅಂತ ರಿಪೋರ್ಟ್ ಆಗಿದೆ” ಅಂತ ಮರ್ಯಾದೆಯಾಗಿಯೇ ಹೇಳಿದ. ಮುಂಚೆ ಅವನ ಹತ್ತಿರ ಬರೀ ಛತ್ರ ಇತ್ತು, ಈಗ ತಮ್ಮ ಸರ್ಟಿಫಿಕೇಟೂ ಇದೆ.

ಇದನ್ನೆಲ್ಲ ತಡೆದುಕೊಳ್ಳುತ್ತೇನೆ. ನನ್ನ ಕೈಯಲ್ಲಿ ಆಗದಿರುವುದು ಒಂದೇ. ಆ ದಿನದಿಂದ ನಮ್ಮ ಯಜಮಾನರು ನನ್ನ ಜೊತೆ ಮಾತಾಡುತ್ತಿಲ್ಲ. ಬೈಯುವುದಿಲ್ಲ, ಮುನಿಸು ಅಂತ ಮುಖವನ್ನೂ ತಿರುಗಿಸುವುದಿಲ್ಲ. ಮುದ್ದೆ ಇಟ್ಟರೆ ತಿನ್ನುತ್ತಾರೆ, ಮಾತ್ರೆ ಕೊಟ್ಟರೆ ನುಂಗುತ್ತಾರೆ. ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ಮೊಮ್ಮಗಳು ಗೌತಮಿಯ ಹತ್ತಿರ ಆಡುತ್ತಾರೆ, ಹಸುವಿನ ಹತ್ತಿರವೂ ಆಡುತ್ತಾರೆ. ನಾನು ಬಂದರೆ ನಿಲ್ಲಿಸುತ್ತಾರೆ. ಒಂದು ದಿನ ಗೌತಮಿಗೆ ಹೇಳುತ್ತಿದ್ದರಂತೆ, “ನಿಮ್ಮಜ್ಜಿಗೆ ಶಬ್ದ ಆಗಲ್ಲ ಕಣಮ್ಮ.” ಛತ್ರದ ಮೇಲೆ ಕೊಟ್ಟದ್ದು ಅಂತ ನಾನು ಹೇಳಿದೆ, ಮಗ ಹೇಳಿದ, ಅರ್ಜಿಯ ನಕಲು ಓದಿಯೂ ತೋರಿಸಿದ. ಆದರೆ ಜೀಪಿನಲ್ಲಿ ಬಂದ ಸರ್ಕಾರ ಎದುರಿಗೆ ನಿಂತು ಹೇಳಿದ ಮಾತು ಅವರಿಗೆ ನಿಜ, ಮನೆಯವರದ್ದೆಲ್ಲ ಸಮಾಧಾನದ ಮಾತು. ಬದುಕೆಲ್ಲ ಸರ್ಕಾರದ ಮಾತನ್ನು ಸಾರಿದವರು, ಅದನ್ನು ಹೇಗೆ ಸುಳ್ಳು ಅಂದಾರು?

ನನಗೆ ಸಾಕಾಗಿದೆ ಸ್ವಾಮಿ. ಕೂಗಾಡುವ ಶಕ್ತಿ ಇಲ್ಲ. ದಂಡ ಹಾಕಿ, ಛತ್ರ ಮುಚ್ಚಿಸಿ ಅಂತ ಕೇಳುತ್ತಿಲ್ಲ. ಈ ತಿಂಗಳಲ್ಲಿ ಯಾವ ಮುಹೂರ್ತದ ದಿನವಾದರೂ ಮಿಷನ್ನು ಹಿಡಿದುಕೊಂಡು ಬನ್ನಿ. ಮಿಷನ್ನು ತರದಿದ್ದರೂ ನಡೆಯುತ್ತದೆ, ಕಿವಿ ತನ್ನಿ. ಬೈಕುಗಳನ್ನು ಕಾಂಪೌಂಡಿನ ಒಳಗೋ ಹೊರಗೋ, ಎಲ್ಲಿ ನಿಂತಿದ್ದರೆ ಅಲ್ಲೇ ಹಿಡಿಯಿರಿ. ಸ್ಪೀಕರಿನ ಮುಖ ತಿರುಗಿಸಿ. ಇಷ್ಟು ತಮ್ಮ ಕೆಲಸ, ನಾನು ಹೇಳಬೇಕಾದದ್ದೇ ಅಲ್ಲ.

ನಾನು ಕೇಳುವುದು ಬೇರೆ. ತಮಟೆಯನ್ನು ಕಚೇರಿಗೆ ಬಂದು ರುಜು ಹಾಕಿ ಒಯ್ಯಿರಿ ಅನ್ನಬೇಡಿ. ನನ್ನ ಕೈಗೂ ಕೊಡಬೇಡಿ, ಮಗನ ಕೈಗೂ ಕೊಡಬೇಡಿ. ತಾವೇ ಜೀಪಿನಲ್ಲಿ ಬನ್ನಿ. ಅವರ ಎದುರು ಕೂತು, ಅವರ ತೊಡೆಯ ಮೇಲೆ ಅದನ್ನು ಇಟ್ಟು, “ಕೊಂಡಪ್ಪನವರೇ, ತಪ್ಪು ನಮ್ಮದು, ನಿಮ್ಮ ಹೆಂಡತಿ ಬರೆದುಕೊಟ್ಟದ್ದು ಇದರ ಮೇಲಲ್ಲ” ಅಂತ ಒಂದು ಮಾತು ಹೇಳಿ. ಜೋರಾಗಿ ಹೇಳಿ, ಈಚೆಗೆ ಅವರಿಗೆ ಕಿವಿ ಸ್ವಲ್ಪ ಮಂದ. ಆಮೇಲೆ ಅವರು ನನ್ನ ಕಡೆ ತಿರುಗಿ ಬೈದರೂ ಪರವಾಗಿಲ್ಲ. ಬೈಯಲಿ.

ಇಂತಿ,
ಗಲಾಟೆ ಜಾಸ್ತಿಯಾಯಿತು ಅಂತ ಅರ್ಜಿ ಕೊಟ್ಟು, ಈಗ ಗಂಡನ ಒಂದು ಮಾತಿಗೆ ಕಾದು ಕೂತಿರುವ
ಗಂಗುಲಮ್ಮ ಕೋಂ ಕೊಂಡಪ್ಪ,
ಛತ್ರದ ಎದುರು ಮನೆ