ದೊಡ್ಡದು ಮಾಡುವುದೆಂದರೆ

ಜೆ.ಪಿ. ನಗರ, ೨೦೦೬

ಗುರುಸಿದ್ದಣ್ಣನವರಿಗೆ ಪಂಕಜಾ ಮಾಡುವ ನಮಸ್ಕಾರಗಳು.

ಸತ್ತವರಿಗೆ ಕಾಗದ ಬರೆಯುವ ಹುಚ್ಚು ಇವಳಿಗೇಕೆ ಎಂದು ನಗಬೇಡಿ. ಎರಡು ಬಸಿರು ಕಳೆದುಕೊಂಡವಳಿಗೆ ಮೂರನೆಯದು ನಿಂತಿದೆ, ಈಗ ಏಳು ತಿಂಗಳು. ಅದರ ವಿಷಯವಾಗಿಯೇ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ.

ನಮ್ಮ ಕಾಂಪ್ಲೆಕ್ಸು ನೆನಪಿದೆಯಲ್ಲ? ಕರೆಂಟು ಉಳಿಸಿಕೊಡುವ ಕಂಪನಿಯ ಕಡೆಯಿಂದ ನಾವಿಬ್ಬರೂ ಅಲ್ಲಿಗೆ ಹೋದೆವು. ಹಳೆಯ ಟ್ಯೂಬ್‌ಲೈಟು ಬದಲಿಸಿ, ಎಸಿಗಳನ್ನು ಸರಿಮಾಡಿಸಿದ ಮೇಲೆ ಇನ್ನೊಂದು ಕೆಲಸವೂ ಹೆಗಲಿಗೆ ಬಿತ್ತು. ಸಂಜೆ ಊರೆಲ್ಲ ದೀಪ ಹಾಕುವ ಹೊತ್ತಿಗೆ ವಿದ್ಯುತ್ ಕಚೇರಿಯವರು ಫೋನ್ ಮಾಡಿದರೆ, ಕಟ್ಟಡದ ಕರೆಂಟಿನ ಬಳಕೆಯನ್ನು ಸ್ವಲ್ಪ ಹೊತ್ತು ತಗ್ಗಿಸಬೇಕು. ನೀವು ಬೇಸ್‌ಮೆಂಟಿನ ಪ್ಯಾನೆಲ್ ರೂಮಿನಿಂದ ಇಂಟರ್‌ಕಾಮಿನಲ್ಲಿ ಹೇಳುವುದು, ನಾನು ಮೇಲೆ ಸ್ವಿಚ್ಚು ಒತ್ತುವುದು.

ಮೊದಲ ದಿನವೇ ಎಡವಟ್ಟು. "ತಂಗೆವ್ವಾ, ಮೂರನೇ ಮಾಳಿಗಿ ಎಸಿ ದೊಡ್ಡದ ಮಾಡ್ರಿ" ಎಂದಿರಿ. ನಾನು ಬಸವನಗುಡಿಯವಳು, ಪೂರ್ತಿ ಜೋರು ಮಾಡಿದೆ. ಲೋಡು ತಾಳದೆ ಟಪ್ಪೆಂದು ಇಡೀ ಕಟ್ಟಡ ಕತ್ತಲಾಯಿತು. ಏದುಸಿರು ಬಿಡುತ್ತ ಮೇಲೆ ಬಂದು, "ದೀಪ ಆರಸು ಅನಬಾರದ್ರಿ, ಅಪಶಕುನ. ನಮ್ಮ ಕಡೆ ದೊಡ್ಡದ ಮಾಡು ಅಂತೀವಿ" ಎಂದು ತಿಳಿಸಿದಿರಿ. "ಎಸಿಗೂ ಶಕುನ ನೋಡ್ತೀರಾ ಗುರುಸಿದ್ದಣ್ಣ?" ಎಂದು ಛೇಡಿಸಿದರೆ, "ನಡಿಯೂದೆಲ್ಲಾ ದೀಪನ ಬಿಡವಾ" ಎಂದು ನಕ್ಕಿರಿ.

ನೀವು ಜ್ವರದಲ್ಲಿ ಹೋದ ಮೇಲೆ ಆ ಕೆಲಸಕ್ಕೆ ಕಂಪ್ಯೂಟರು ಬಂತು. ಪ್ಯಾನೆಲ್ ರೂಮಿಗೆ ಬೀಗ ಬಿತ್ತು. ಇಂಟರ್‌ಕಾಮಿನ ತಂತಿ ಕತ್ತರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೂ ಈಚೆಗೆ ಸಂಜೆಯಾದರೆ ಅದು ರಿಂಗಾಗುತ್ತದೆ. ಎತ್ತಿದರೆ ನಿಮ್ಮದೇ ದನಿ. "ಪಂಪು ದೊಡ್ಡದ ಮಾಡ್ರಿ, ಕಾರಿಡಾರ್ ಲೈಟು ದೊಡ್ಡದ ಮಾಡ್ರಿ." ನಾನು ಕೈ ಚಾಚುವ ಮೊದಲೇ ಒಂದೊಂದಾಗಿ ಆರುತ್ತವೆ. ಪಕ್ಕದ ಕುರ್ಚಿಯ ಸಂಹಿತಾಗೆ ರಿಂಗೂ ಕೇಳಿಸುವುದಿಲ್ಲ. "ಯಾರ ಜೊತೆ ಮಾತಾಡ್ತಿದೀರ ಮೇಡಂ?" ಅನ್ನುತ್ತಾಳೆ. ಮೈ ಜುಮ್ಮೆನ್ನುತ್ತಿತ್ತು, ನಿಜ. ಆದರೆ ಸುಳ್ಳೇಕೆ ಹೇಳಲಿ, ನಿಮ್ಮ ದನಿ ಕೇಳಿ ಖುಷಿಯೂ ಆಗುತ್ತಿತ್ತು.

ನಿನ್ನೆ ಮಾತ್ರ ಎಲ್ಲ ಆರಿದ ಮೇಲೂ ನೀವು ಫೋನಿಡಲಿಲ್ಲ. ಬಹಳ ಅಕ್ಕರೆಯಿಂದ ಹೇಳಿದಿರಿ, "ತಂಗೆವ್ವಾ, ಹೊಟ್ಟ್ಯಾಗಿನ ಕೂಸೂ ದೊಡ್ಡದಾಗ್ಲಿ."

ಆಗಿನಿಂದ ಮಗು ಒದ್ದಿಲ್ಲ. ಬೆಳಿಗ್ಗೆಯೇ ತಿಲಕ್ ನಗರದ ಡಾಕ್ಟರಮ್ಮನ ಹತ್ತಿರ ಓಡಿದೆ. ಎದೆಬಡಿತ ಇದೆ, ನಿದ್ದೆ ಮಾಡ್ತಿರಬೇಕು, ಹೆದರಬೇಡಿ ಎಂದರು. ಹೆದರದೆ ಹೇಗಿರಲಿ ಅಣ್ಣಾ? ನೀವಂದದ್ದು ಆಶೀರ್ವಾದವೋ, ಅಪ್ಪಣೆಯೋ?

ಇವತ್ತು ಸಂಜೆಯೂ ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ನಿಮ್ಮ ಊರ ಕಡೆಯ ಮಾತು ಬೇಡ. ನಮ್ಮ ಬೆಂಗಳೂರಿನ ಕನ್ನಡದಲ್ಲಿ, ಉಳಿಯಲಿ ಅಂತ ಒಂದೇ ಒಂದು ಮಾತು ಹೇಳಿಬಿಡಿ.

ನಿಮ್ಮ ಆತ್ಮಕ್ಕೆ ನೆಮ್ಮದಿ ಸಿಗಲಿ.

ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಾರದೆ ಕೂತಿರುವ,
ನಿಮ್ಮ ತಂಗಿ
ಪಂಕಜಾ